ಪೋಡಿನ ಗ್ರಾಮಸಭೆಗೆ ಕಾಗದದ ಆಸರೆ: ಅರಣ್ಯ ಹಕ್ಕು ಸಮಿತಿಯ ಕಾರ್ಯದರ್ಶಿಗೊಂದು ಕೈಪಿಡಿ

2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಬುಡಕಟ್ಟಿನವರಾದ ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಸಿಕ್ಕಿತು. ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾದದ್ದೂ ಅದೇ ವರ್ಷ. ಹುಲಿ ಕಾಡಿನೊಳಗೆ ಇಂಥ ಹಕ್ಕಿಗೆ ಮಾನ್ಯತೆ ಸಿಕ್ಕಿದ್ದು ದೇಶದಲ್ಲೇ ಮೊದಲು. ಹಕ್ಕುಪತ್ರ ಕೈಗೆ ಬಂದ ದಿನವೇ ಹೊಸದೊಂದು ಹೊರೆಯೂ ಹೆಗಲೇರಿತು. ಸಭೆ ಕರೆಯಬೇಕು, ನಿರ್ಣಯ ಬರೆಯಬೇಕು, ಇಲಾಖೆಯ ಪತ್ರಗಳಿಗೆ ಉತ್ತರ ಕೊಡಬೇಕು, ಕಾಡಿನ ನಿರ್ವಹಣಾ ಯೋಜನೆ ತಯಾರಿಸಬೇಕು, ಹಣದ ಲೆಕ್ಕ ಇಡಬೇಕು. ಪೋಡಿನ, ಅಂದರೆ ಸೋಲಿಗರ ಊರಿನ, ಯಜಮಾನರಿಗೆ ನ್ಯಾಯ ಹೇಳಿ ಗೊತ್ತು, ಕುಲದ ಎಲ್ಲೆ ಗೊತ್ತು, ಯಾವ ಕಾಲುದಾರಿ ಎಲ್ಲಿಗೆ ಮುಟ್ಟುತ್ತದೆಂದು ಗೊತ್ತು. ಉಪವಿಭಾಗಾಧಿಕಾರಿಯ (ಎಸಿ) ಕಚೇರಿ ಕೇಳುವುದು ಮಾತ್ರ ಕಾಗದವನ್ನು.

ಆ ಕಾಗದದ ಕೆಲಸಕ್ಕೆ ಕೂರುವವರಿಗಾಗಿ ಈ ಬರಹ: ಅರಣ್ಯ ಹಕ್ಕು ಸಮಿತಿಯ ಕಾರ್ಯದರ್ಶಿಗೆ, ಪೋಡಿನಲ್ಲೋ ಹಾಡಿಯಲ್ಲೋ ಓದಿಕೊಂಡಿರುವ ಹುಡುಗ ಹುಡುಗಿಯರಿಗೆ, ನೆರವಿಗೆ ಬರುವ ಸಂಸ್ಥೆಗಳ ಕಾರ್ಯಕರ್ತರಿಗೆ. ಬರೆಯುವವನೇ ಕ್ರಮೇಣ ತೀರ್ಮಾನಿಸುವವನೂ ಆಗಿಬಿಡುವುದು ಈ ಕೆಲಸದ ದೊಡ್ಡ ಅಪಾಯ. ಕೆಳಗಿನ ಕ್ರಮಗಳಲ್ಲಿ ಅರ್ಧಕ್ಕರ್ಧ ಅದನ್ನು ತಡೆಯುವುದಕ್ಕೇ ಇವೆ.

ಯಾವ ಗ್ರಾಮಸಭೆ ಎಂಬುದು ಮೊದಲು ಇತ್ಯರ್ಥವಾಗಲಿ

ಅರಣ್ಯ ಹಕ್ಕು ಕಾಯ್ದೆ 2006ರದ್ದು. ನಿಯಮಗಳು ಬಂದದ್ದು 2008ರ ಜನವರಿ 1ರಂದು, ಅವಕ್ಕೆ ತಿದ್ದುಪಡಿಯಾದದ್ದು 2012ರ ಸೆಪ್ಟೆಂಬರ್ 6ರಂದು. ನಿಮ್ಮ ಕೈಯಲ್ಲಿರುವುದು ತಿದ್ದುಪಡಿಯಾದ ಪ್ರತಿಯೇ ಎಂದು ಖಚಿತಪಡಿಸಿಕೊಳ್ಳಿ. ಹಳೆಯದರಲ್ಲಿ ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಮೂರನೇ ಎರಡು ಭಾಗ ಇತ್ತು, ಈಗ ಅರ್ಧ. ಸಮಿತಿಯಲ್ಲಿ ಪರಿಶಿಷ್ಟ ಪಂಗಡದವರ ಪಾಲು ಹಳೆಯದರಲ್ಲಿ ಮೂರನೇ ಒಂದು ಇತ್ತು, ಈಗ ಮೂರನೇ ಎರಡು. ಹಳೆಯ ಪ್ರತಿ ಹಿಡಿದು ಲೆಕ್ಕ ಹಾಕಿದರೆ ಎರಡೂ ಕಡೆ ತಪ್ಪುತ್ತದೆ.

ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳಿಲ್ಲ, ಹಾಗಾಗಿ ಅಂಥ ಪ್ರದೇಶಗಳ ಪಂಚಾಯಿತಿಗಳಿಗಾಗಿ ಇರುವ ಪೆಸಾ ಕಾಯ್ದೆ ಇಲ್ಲಿಗೆ ಅನ್ವಯಿಸುವುದಿಲ್ಲ. ‘ಪೆಸಾ ಇಲ್ಲದ ಮೇಲೆ ಪೋಡಿಗೆ ಪ್ರತ್ಯೇಕ ಗ್ರಾಮಸಭೆ ಎಲ್ಲಿಂದ ಬಂತು, ಪಂಚಾಯಿತಿಯ ಗ್ರಾಮಸಭೆಯೇ ಸಾಕು’ ಎನ್ನುವ ಮಾತು ಕಚೇರಿಗಳಲ್ಲಿ ಕೇಳಿಬರುತ್ತದೆ. ಅರಣ್ಯ ಹಕ್ಕು ಕಾಯ್ದೆಯ ಸೆಕ್ಷನ್ 2(ಪಿ) ತೆಗೆದು ತೋರಿಸಿ. ಅರಣ್ಯ ಗ್ರಾಮ, ಹಳೆಯ ವಸತಿ, ಸರ್ವೆಯಾಗದ ಊರು, ಇವೆಲ್ಲ ಅಧಿಸೂಚನೆ ಆಗಿರಲಿ ಬಿಡಲಿ ‘ಗ್ರಾಮ’ವೇ. ಅಲ್ಲಿನ ವಯಸ್ಕರೆಲ್ಲ ಸೇರಿದರೆ ಅದೇ ಗ್ರಾಮಸಭೆ. ಹತ್ತಾರು ಹಳ್ಳಿಗಳ ಪಂಚಾಯಿತಿ ಸಭೆಯಲ್ಲಿ ನಲವತ್ತು ಮನೆಯ ಪೋಡಿನ ದನಿ ಎದ್ದು ಕೇಳುವುದು ಕಷ್ಟ. ಅಂಥ ಸಭೆಯಲ್ಲಿ ಆರಿಸಿದ ಸಮಿತಿಯವರಿಗೆ ಆ ಕಾಡಿನ ಪರಿಚಯವೂ ಇರುವುದಿಲ್ಲ.

ಮೊದಲ ಸಭೆಯನ್ನು ಕರೆಯುವುದು ಗ್ರಾಮ ಪಂಚಾಯಿತಿಯ ಕೆಲಸ. ಪಿಡಿಒಗೆ ಒಂದು ಪುಟದ ಪತ್ರ ಬರೆಯಿರಿ. ಪೋಡಿನ ಹೆಸರು, ಮನೆಗಳ ಸಂಖ್ಯೆ, ಕೇಳುವ ದಿನ ಅದರಲ್ಲಿರಲಿ. ವಯಸ್ಕರ ಪಟ್ಟಿ ಲಗತ್ತಿಸಿ, ಉಪವಿಭಾಗಾಧಿಕಾರಿಗೆ ಒಂದು ಪ್ರತಿ ಕಳಿಸಿ.

ಆ ಸಭೆ ಆರಿಸುವ ಅರಣ್ಯ ಹಕ್ಕು ಸಮಿತಿಯಲ್ಲಿ 10ಕ್ಕೆ ಕಡಿಮೆಯಿಲ್ಲದೆ, 15 ಮೀರದಂತೆ ಸದಸ್ಯರಿರಬೇಕು. ಮೂರನೇ ಎರಡು ಭಾಗ ಪರಿಶಿಷ್ಟ ಪಂಗಡದವರು, ಮೂರನೇ ಒಂದು ಭಾಗ ಹೆಂಗಸರು. 12 ಜನರ ಸಮಿತಿಯಾದರೆ ಎಂಟು ಮತ್ತು ನಾಲ್ಕು, ಲೆಕ್ಕ ಸಲೀಸು. ಅಧ್ಯಕ್ಷರನ್ನೂ ಕಾರ್ಯದರ್ಶಿಯನ್ನೂ ಸಮಿತಿಯೇ ತನ್ನೊಳಗಿನಿಂದ ಆರಿಸಿ, ಗ್ರಾಮಸಭೆಯ ನಂತರ ಅರ್ಜಿಗಳನ್ನು ನೋಡುವ ಉಪವಿಭಾಗ ಮಟ್ಟದ ಸಮಿತಿಗೆ ತಿಳಿಸಬೇಕು. ಯಜಮಾನರನ್ನೇ ಅಧ್ಯಕ್ಷರನ್ನಾಗಿ ಮಾಡಬೇಕೆಂಬ ಕಟ್ಟುಪಾಡಿಲ್ಲ. ಹಾಗೆಂದು ಅವರನ್ನು ಹೊರಗಿಟ್ಟು ಸಮಿತಿ ಕಟ್ಟಿದರೆ ಅದರ ತೀರ್ಮಾನಕ್ಕೆ ಊರಲ್ಲಿ ಕಿಮ್ಮತ್ತಿಲ್ಲ. ಪ್ರತಿ ಕುಲದಿಂದ ಒಬ್ಬರಾದರೂ ಇರುವಂತೆ ನೋಡಿಕೊಳ್ಳಿ.

ಕೋರಂ: ಹೆಚ್ಚು ನಿರ್ಣಯಗಳು ಮುರಿಯುವ ಜಾಗ

ವಯಸ್ಕರ ವಹಿಯನ್ನು ಮನೆ ಮನೆಗೆ ಹೋಗಿ ಬರೆಯಿರಿ. ಮತದಾರರ ಪಟ್ಟಿಯನ್ನು ನಕಲು ಮಾಡಿದರೆ ಸಾಲದು. ಮದುವೆಯಾಗಿ ಬಂದ ಹೆಣ್ಣುಮಕ್ಕಳ ಹೆಸರು ತವರಿನ ಪಟ್ಟಿಯಲ್ಲೇ ಉಳಿದಿರುತ್ತದೆ, ಸತ್ತವರ ಹೆಸರು ಹಾಗೇ ಇರುತ್ತದೆ, ಹದಿನೆಂಟು ತುಂಬಿದವರ ಹೆಸರು ಸೇರಿರುವುದಿಲ್ಲ. ವರ್ಷಕ್ಕೊಮ್ಮೆ ವಹಿಯನ್ನು ಸಭೆಯಲ್ಲಿ ಓದಿ ತಿದ್ದಿ.

ಉದಾಹರಣೆಗೆ ವಹಿಯಲ್ಲಿ 184 ಹೆಸರಿವೆ ಎನ್ನೋಣ. ಸಭೆ ನಡೆಯಲು 92 ಜನ ಬೇಕು. ಹಾಜರಾದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು, ಅಂದರೆ 92ಕ್ಕೆ 31. ಹಕ್ಕಿನ ಅರ್ಜಿಗಳ ಮೇಲೆ ನಿರ್ಣಯ ಮಾಡುವ ದಿನ ಮೂರನೆಯ ಲೆಕ್ಕವೊಂದು ಸೇರುತ್ತದೆ: ಅರ್ಜಿದಾರರಲ್ಲಿ ಶೇ. 50ರಷ್ಟು ಜನ ಅಥವಾ ಅವರ ಪ್ರತಿನಿಧಿಗಳು ಎದುರಿಗಿರಬೇಕು. 40 ಅರ್ಜಿ ಇದ್ದರೆ 20 ಮಂದಿ. ಹಾಜರಿ ಪುಸ್ತಕದಲ್ಲಿ ಅರ್ಜಿದಾರರ ಹೆಸರಿನ ಮುಂದೆ ನಕ್ಷತ್ರದ ಗುರುತು ಹಾಕಿದರೆ ಎಣಿಸುವುದು ಸುಲಭ. ನಿರ್ಣಯಕ್ಕೆ ಹಾಜರಿದ್ದು ಮತ ಹಾಕಿದವರ ಸರಳ ಬಹುಮತ ಸಾಕು.

ಕಾಫಿ ಕೊಯ್ಲಿನ ಕಾಲದಲ್ಲಿ ಅರ್ಧ ಊರು ಎಸ್ಟೇಟುಗಳಿಗೆ ಹೋಗಿರುತ್ತದೆ, ಜೇನಿನ ಕಾಲದಲ್ಲಿ ಗಂಡಸರು ಕಾಡಿನಲ್ಲಿರುತ್ತಾರೆ. ಆ ದಿನಗಳಲ್ಲಿ ಸಭೆ ಇಟ್ಟುಕೊಂಡು ಜನ ಬರಲಿಲ್ಲವೆಂದು ಗೊಣಗಿ ಫಲವಿಲ್ಲ. ಸೋಲಿಗರ ರೊಟ್ಟಿ ಹಬ್ಬದ ಆಸುಪಾಸಿನಲ್ಲಿ ನೆಂಟರಿಷ್ಟರು ಊರಲ್ಲೇ ಸಿಗುತ್ತಾರೆ. ಹೊತ್ತು ಇಳಿಯುವ ಮುಂಚೆ ಸಭೆ ಮುಗಿಯಲಿ. ಆನೆ ಓಡಾಡುವ ದಾರಿಯಲ್ಲಿ ಕತ್ತಲಾದ ಮೇಲೆ ಮನೆಗೆ ಹೊರಡಿ ಎಂದು ಯಾರಿಗೂ ಹೇಳಲಾಗದು.

ಕೋರಂ ಆಗದಿದ್ದರೆ ‘ಕೋರಂ ಇಲ್ಲದ ಕಾರಣ ಸಭೆ ಮುಂದೂಡಲಾಗಿದೆ’ ಎಂದು ನಡವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿ. ಆಮೇಲೆ ಮನೆ ಮನೆಗೆ ಹೋಗಿ ಹೆಬ್ಬೆಟ್ಟು ಒತ್ತಿಸಿಕೊಂಡು ಹಾಜರಿ ತುಂಬಿಸುವ ಚಾಳಿ ಬೇಡವೇ ಬೇಡ. ಒಮ್ಮೆ ಅದು ಹೊರಬಿದ್ದರೆ ಅದೇ ಪುಸ್ತಕದ ಒಳ್ಳೆಯ ನಿರ್ಣಯಗಳ ಮೇಲೂ ಅನುಮಾನ ಬೀಳುತ್ತದೆ.

ನಡವಳಿ ಬರೆಯುವ ಕ್ರಮ

ಪುಟಸಂಖ್ಯೆ ಅಚ್ಚಾಗಿರುವ ಗಟ್ಟಿ ರಟ್ಟಿನ ವಹಿ ತನ್ನಿ. ಬಿಡಿ ಹಾಳೆ ಬೇಡ. ಸಭೆ ನಡೆಯುತ್ತಿರುವಾಗಲೇ ಬರೆಯಿರಿ. ಮನೆಗೆ ಹೋಗಿ ‘ಚೆನ್ನಾಗಿ’ ಬರೆಯಲು ಕೂತರೆ ಜನ ಆಡಿದ ಮಾತು ಹೋಗಿ ನಿಮ್ಮ ಮಾತು ಬಂದು ಕೂರುತ್ತದೆ. ಒಂದು ನಿರ್ಣಯ ಇಷ್ಟಿದ್ದರೆ ಸಾಕು:

‘ನಿರ್ಣಯ 3. ವಿಷಯ: ಈ ಸಾಲಿನ ನೆಲ್ಲಿಕಾಯಿ ಕೊಯ್ಲು. ಚರ್ಚೆ: ಮೇಲಿನ ಗುಡ್ಡದಲ್ಲಿ ಕಾಯಿ ಇನ್ನೂ ಬಲಿತಿಲ್ಲವೆಂದು ಹಿರಿಯರು ಹೇಳಿದರು. ಬೇಗ ಕೊಯ್ಯದಿದ್ದರೆ ಹೊರಗಿನವರು ಕೊಯ್ದುಕೊಂಡು ಹೋಗುತ್ತಾರೆಂದು ಇಬ್ಬರು ಹೇಳಿದರು. ತೀರ್ಮಾನ: ಮುಂದಿನ ಅಮಾವಾಸ್ಯೆ ಕಳೆಯುವವರೆಗೆ ಯಾರೂ ಕೊಯ್ಯುವಂತಿಲ್ಲ. ಕೊಂಬೆ ಕಡಿಯುವಂತಿಲ್ಲ. ಕಾವಲಿಗೆ ದಿನಕ್ಕೆ ನಾಲ್ವರು. ಒಪ್ಪಿದವರು 88, ಒಪ್ಪದವರು 6, ಸುಮ್ಮನಿದ್ದವರು 3. ಜವಾಬ್ದಾರಿ: ಸಂರಕ್ಷಣಾ ಸಮಿತಿ.’

ಒಪ್ಪದವರ ಸಂಖ್ಯೆ ಬರೆಯಲು ಹಿಂಜರಿಯಬೇಡಿ. ಪ್ರತಿ ಸಲವೂ ‘ಸರ್ವಾನುಮತದಿಂದ’ ಎಂದಿದ್ದರೆ ಓದುವ ಅಧಿಕಾರಿಗೂ ನಂಬಿಕೆ ಬಾರದು. ‘ಸದರಿ’, ‘ಮೇಲ್ಕಂಡ’, ‘ತತ್ಸಂಬಂಧ’ ತುಂಬಿದ ಕಚೇರಿ ಕನ್ನಡವೂ ಬೇಕಿಲ್ಲ. ಬರೆದದ್ದನ್ನು ಸಭೆ ಮುಗಿಯುವ ಮುಂಚೆ ಗಟ್ಟಿಯಾಗಿ ಓದಿ. ಓದುವುದಷ್ಟೇ ಅಲ್ಲ, ಒಬ್ಬ ಅಜ್ಜಿಯನ್ನೋ ಅಜ್ಜನನ್ನೋ ‘ನಾನು ಏನು ಓದಿದೆ ಹೇಳಿ’ ಎಂದು ಕೇಳಿ. ಅವರ ಬಾಯಲ್ಲಿ ಬೇರೆಯೇ ಬಂದರೆ ಬರೆದದ್ದನ್ನು ತಿದ್ದಬೇಕು. ಕೊನೆಯ ಸಾಲಿನ ಕೆಳಗೆ ಜಾಗ ಉಳಿದರೆ ಅಡ್ಡಗೆರೆ ಎಳೆದು ಮುಚ್ಚಿ. ಹಾಜರಿಯ ಸಹಿಗಳಿರುವ ಖಾಲಿ ಪುಟಕ್ಕೆ ಆಮೇಲೆ ಯಾರು ಯಾವ ವಿಷಯವನ್ನಾದರೂ ಸೇರಿಸಬಹುದು. ಅದೇ ಕಾರಣಕ್ಕೆ ಹಾಜರಿ ಪುಟದ ತಲೆಯಲ್ಲೇ ದಿನಾಂಕ ಮತ್ತು ಸಭೆಯ ವಿಷಯ ಬರೆದ ಮೇಲೆಯೇ ಸಹಿ ಹಾಕಿಸುವುದು.

ಜೊತೆಗೆ ಆವಕ-ಜಾವಕ ವಹಿ ಒಂದು ಇರಲಿ. ಬಂದ ಪತ್ರಕ್ಕೆ ಬಂದ ದಿನಾಂಕ, ಕಳಿಸಿದ್ದಕ್ಕೆ ಸಂಖ್ಯೆ. ಕಚೇರಿಗೆ ಕೊಡುವಾಗ ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ‘ಸಾಹೇಬರಿಲ್ಲ, ಇಟ್ಟು ಹೋಗಿ’ ಎಂದರೆ ಇಡದೆ ಬಂದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಅಂಟಿಸಿಡಿ. ಮುಂದೆ ಗಡುವಿನ ಜಗಳ ಬಂದಾಗ ನಿಲ್ಲುವುದು ಈ ಚೀಟಿಗಳೇ.

ಸಮುದಾಯ ಕಾಡಿನ ಅರ್ಜಿ ಇನ್ನೂ ಬಾಕಿಯಿದ್ದರೆ

ಒಬ್ಬೊಬ್ಬರ ಉಳುಮೆ ಜಮೀನಿಗೆ ನಮೂನೆ ಎ, ಮೇವು, ನೀರು, ಕಿರು ಅರಣ್ಯ ಉತ್ಪನ್ನದಂಥ ಸಮುದಾಯ ಹಕ್ಕಿಗೆ ನಮೂನೆ ಬಿ, ಕಾಡನ್ನು ಕಾಯುವ ಮತ್ತು ನಿರ್ವಹಿಸುವ ಹಕ್ಕಿಗೆ ನಮೂನೆ ಸಿ. ನಮೂನೆ ಎ ತುಂಬಿಸಿ ಸುಮ್ಮನಾಗುವುದು ಎಲ್ಲೆಡೆ ಕಾಣುವ ರೂಢಿ. ಊರಿನ ಬದುಕು ನಿಂತಿರುವುದು ಸಿ ನಮೂನೆಯ ಮೇಲೆ.

ನಕ್ಷೆ ಮಾಡಲು ಹಿರಿಯರೊಂದಿಗೆ ನಡೆಯುವುದೇ ದಾರಿ. ಸೋಲಿಗರಲ್ಲಿ ಪ್ರತಿ ಕುಲಕ್ಕೂ ತನ್ನ ಎಲ್ಲೆಯಿದೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳಿವೆ. ಮೊಬೈಲಿನ ಜಿಪಿಎಸ್‌ನಲ್ಲಿ ಇವನ್ನೇ ಗುರುತಿಸಿಕೊಳ್ಳಿ, ಸೋಲಿಗರ ಬಾಯಲ್ಲಿರುವ ಹೆಸರಿನಲ್ಲೇ. ಅಧಿಕೃತ ನಕ್ಷೆಯ ಬ್ಲಾಕ್ ಮತ್ತು ಕಂಪಾರ್ಟ್‌ಮೆಂಟ್ ಸಂಖ್ಯೆಯನ್ನು ಪಕ್ಕದಲ್ಲಿ ಬರೆಯಿರಿ. ಹೆಸರು ಮಾತ್ರ ಇದ್ದರೆ ಕಚೇರಿಯಲ್ಲಿ ಗುರುತು ಸಿಗದು, ಸಂಖ್ಯೆ ಮಾತ್ರ ಇದ್ದರೆ ಪೋಡಿನವರಿಗೆ ಗುರುತು ಸಿಗದು. ಪಕ್ಕದ ಪೋಡಿನ ಎಲ್ಲೆ ತಾಗುವ ಕಡೆ ಎರಡೂ ಸಮಿತಿಗಳು ಒಟ್ಟಿಗೆ ಕೂತು ಮಾತಾಡಿ ಒಪ್ಪಂದ ಬರೆದುಕೊಳ್ಳಲಿ. ನಿಯಮ ಹೇಳುವುದೂ ಹಾಗೆಯೇ.

ಸ್ಥಳ ಪರಿಶೀಲನೆಗೆ ವಲಯ ಅರಣ್ಯಾಧಿಕಾರಿಗೂ ಕಂದಾಯ ಇಲಾಖೆಗೂ ಹತ್ತು ದಿನ ಮುಂಚೆ ಪತ್ರ ತಲುಪಲಿ. ಬಂದರೆ ಮಹಜರಿಗೆ ಪದನಾಮ, ದಿನಾಂಕ, ಅಭಿಪ್ರಾಯದೊಂದಿಗೆ ಸಹಿ ಪಡೆಯಿರಿ. ಬಾರದಿದ್ದರೆ ‘ಪತ್ರ ಸಂಖ್ಯೆ ಇಂತಿಷ್ಟು, ತಲುಪಿದ ದಿನ ಇಂಥದ್ದು, ಹಾಜರಿರಲಿಲ್ಲ’ ಎಂದು ಬರೆದು ಪರಿಶೀಲನೆ ಮುಗಿಸಿ. ನಾವು ಇರಲಿಲ್ಲವೆಂದು ಅವರು ಆಮೇಲೆ ತಕರಾರು ತೆಗೆದರೆ ಅರ್ಜಿ ಮರುಪರಿಶೀಲನೆಗೆ ಗ್ರಾಮಸಭೆಗೇ ವಾಪಸು ಬರುತ್ತದೆ. ಎರಡನೇ ಸಲವೂ ಬಾರದೆ ಹೋದರೆ ಗ್ರಾಮಸಭೆಯ ತೀರ್ಮಾನವೇ ಅಂತಿಮ, ನಿಯಮ 12ಎ. ಸಾಕ್ಷ್ಯ ಒಂದಕ್ಕಿಂತ ಹೆಚ್ಚಿರಲಿ. ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಒಂದು ಸಾಕ್ಷ್ಯ, ಆದರೆ ಆ ಹಿರಿಯರು ಅರ್ಜಿದಾರರಾಗಿರಬಾರದು. ಉಪಗ್ರಹ ಚಿತ್ರ ಪೂರಕ ಮಾತ್ರ, ಅದೊಂದನ್ನೇ ಹಿಡಿದು ಅರ್ಜಿ ತಳ್ಳಿಹಾಕುವಂತಿಲ್ಲ.

75 ವರ್ಷದ ದಾಖಲೆ ತನ್ನಿ ಎಂದು ಸೋಲಿಗರನ್ನೋ ಜೇನು ಕುರುಬರನ್ನೋ ಕೇಳಿದರೆ ಅದು ತಪ್ಪು. ಮೂರು ತಲೆಮಾರಿನ ಆ ಷರತ್ತು ಇತರ ಪಾರಂಪರಿಕ ಅರಣ್ಯವಾಸಿಗಳಿಗೆ. ಪರಿಶಿಷ್ಟ ಪಂಗಡದವರ ಜಮೀನಿಗೆ 2005ರ ಡಿಸೆಂಬರ್ 13ಕ್ಕೆ ಮುಂಚೆ ಅನುಭವದಲ್ಲಿದ್ದರೆ ಆಯಿತು.

ತಿರಸ್ಕಾರದ ಹಿಂಬರಹ ಬಂದಾಗ

ಮೊದಲು ಸಹಿ ಯಾರದ್ದೆಂದು ನೋಡಿ. ಯಾವ ದರ್ಜೆಯ ಅಧಿಕಾರಿಯೇ ಆಗಲಿ, ಒಬ್ಬರೇ ಅರ್ಜಿಯನ್ನು ತಿರಸ್ಕರಿಸುವಂತಿಲ್ಲ. ವಲಯ ಕಚೇರಿಯಿಂದಲೋ ಪಂಚಾಯಿತಿಯಿಂದಲೋ ಬಂದ ಹಿಂಬರಹಕ್ಕೆ ತೀರ್ಮಾನದ ಬೆಲೆ ಇಲ್ಲ. ಉಪವಿಭಾಗ ಮಟ್ಟದ ಸಮಿತಿಯದ್ದಾದರೆ ಕಾರಣ ಬರೆದಿದೆಯೇ ನೋಡಿ. ಕೇವಲ ತಾಂತ್ರಿಕ ಕಾರಣಕ್ಕೆ ತಳ್ಳಿಹಾಕುವಂತಿಲ್ಲ. ಕಾಗದ ಕೊರತೆಯಿದ್ದರೆ ಗ್ರಾಮಸಭೆಗೆ ಮರಳಿಸಬೇಕು. ಹಿಂಬರಹ ಅರ್ಜಿದಾರರ ಕೈಗೇ ತಲುಪಬೇಕು. ಅಲ್ಲಿಂದ 60 ದಿನದೊಳಗೆ ಮೇಲ್ಮನವಿ, ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ 30 ದಿನ ಕೊಡಬಹುದು. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಸಮಿತಿಯ ತೀರ್ಮಾನ ಅಂತಿಮ.

ಕೈಗೆ ಬಂದ ದಿನಾಂಕ ಬರೆದಿಡುವುದೇಕೆ ಮುಖ್ಯವೆಂದರೆ, 2019ರ ಫೆಬ್ರುವರಿ 13ರಂದು ಅರ್ಜಿ ತಿರಸ್ಕೃತರಾದವರನ್ನು ತೆರವುಗೊಳಿಸಲು ಸುಪ್ರೀಂ ಕೋರ್ಟ್ ಆದೇಶಿಸಿತು. ಅದೇ ತಿಂಗಳ 28ರಂದು ಆ ಆದೇಶವನ್ನು ತಡೆಹಿಡಿದು, ತಿರಸ್ಕಾರದ ಪ್ರಕ್ರಿಯೆ ಸರಿಯಾಗಿ ನಡೆದಿತ್ತೇ ಎಂದು ರಾಜ್ಯಗಳನ್ನು ಕೇಳಿತು. ಆ ಪ್ರಶ್ನೆಗೆ ಊರಿನ ಕಡೆಯಿಂದ ಉತ್ತರ ಕೊಡಬೇಕಾದರೆ ಇಂಥ ಸಣ್ಣ ದಾಖಲೆಗಳೇ ಬೇಕು.

ಮಾಹಿತಿ ಹಕ್ಕಿನಲ್ಲಿ ಕೇಳುವುದಾದರೆ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಇಲ್ಲ. ಉತ್ತರಕ್ಕೆ 30 ದಿನ. ‘ನಮ್ಮ ಅರ್ಜಿ ಏನಾಯಿತು’ ಎಂದು ಕೇಳಿದರೆ ‘ಪರಿಶೀಲನೆಯಲ್ಲಿದೆ’ ಎಂದು ಬರುತ್ತದೆ. ‘ಇಂಥ ದಿನದ ಉಪವಿಭಾಗ ಸಮಿತಿ ಸಭೆಯ ನಡವಳಿ ಪ್ರತಿ’ ಎಂದು ಕೇಳಿ.

ಹಕ್ಕುಪತ್ರ ಬಂದ ಮೇಲೆ: ಕಾಡು, ಪಾಸು, ಹಣ

ಹಕ್ಕುಪತ್ರವನ್ನು ಹಬ್ಬ ಮಾಡುವ ಮೊದಲು ಓದಿ. ಅದು ಗ್ರಾಮಸಭೆಯ ಹೆಸರಿನಲ್ಲಿರಬೇಕು, ಇಲಾಖೆ ಕಟ್ಟಿದ ಗ್ರಾಮ ಅರಣ್ಯ ಸಮಿತಿಯ ಹೆಸರಿನಲ್ಲಲ್ಲ. ಗಡಿ, ವಿಸ್ತೀರ್ಣ, ನಕ್ಷೆ ಇರಬೇಕು. ಅರ್ಜಿಯಲ್ಲಿ ಇಲ್ಲದ ಷರತ್ತು ಸೇರಿದ್ದರೆ ಸಭೆಯಲ್ಲಿ ಓದಿ, ಆಕ್ಷೇಪದ ನಿರ್ಣಯ ಕಳಿಸಿ. ಕಂದಾಯ ಮತ್ತು ಅರಣ್ಯ ದಾಖಲೆಗಳಲ್ಲಿ ಇದು ಮೂರು ತಿಂಗಳೊಳಗೆ ಏರಬೇಕು. ಏರಿದೆಯೇ ಎಂದು ನೀವೇ ಬೆನ್ನುಹತ್ತದಿದ್ದರೆ ಏರುವುದಿಲ್ಲ.

ಮುಂದಿನ ಸಭೆಯಲ್ಲೇ ನಿಯಮ 4(1)(ಇ) ಪ್ರಕಾರ ಸಂರಕ್ಷಣಾ ಸಮಿತಿ ಕಟ್ಟಿ. ಅರ್ಜಿ ಪರಿಶೀಲಿಸುವ ಅರಣ್ಯ ಹಕ್ಕು ಸಮಿತಿಯೇ ಬೇರೆ, ಕಾಡು ನೋಡಿಕೊಳ್ಳುವ ಈ ಸಮಿತಿಯೇ ಬೇರೆ. ಅದು ತಯಾರಿಸುವ ನಿರ್ವಹಣಾ ಯೋಜನೆ ಹತ್ತು ಹದಿನೈದು ಪುಟ ಸಾಕು. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಅದರ ವಸ್ತು ಎದುರಿಗೇ ಇದೆ. ಲಂಟಾನ ಹಬ್ಬಿ ಹುಲ್ಲು ಅಡಗಿದೆ. ನೆಲ್ಲಿಮರಕ್ಕೆ ಉಪ್ಪಿಲು ಹಿಡಿದಿದೆ. ಉಪ್ಪಿಲೆಂದರೆ ಮರದ ರಸ ಹೀರುವ ಬದನಿಕೆ. ಒಣ ತರಗೆಲೆಗೆ ಹಾಕುತ್ತಿದ್ದ ಸಣ್ಣ ಬೆಂಕಿ, ಅಂದರೆ ತರಗು ಬೆಂಕಿ, ನಿಂತದ್ದರಿಂದ ಎರಡೂ ಹೆಚ್ಚಿದವೆಂಬುದು ಸೋಲಿಗ ಹಿರಿಯರ ಅಭಿಪ್ರಾಯ. ಕಾಡಿಗೆ ಬೆಂಕಿಯಿಡುವುದು ಅರಣ್ಯ ಕಾನೂನಿನಲ್ಲಿ ಅಪರಾಧ, ಆದ್ದರಿಂದ ಯೋಜನೆಯಲ್ಲಿ ‘ಬೆಂಕಿ ಹಾಕುತ್ತೇವೆ’ ಎಂದು ಬರೆದು ಊರವರನ್ನು ಸಿಕ್ಕಿಸಬೇಡಿ. ಹಿರಿಯರ ತಿಳಿವಳಿಕೆಯನ್ನು ಯಾವ ತಿಂಗಳು, ಯಾವ ಜಾಗ, ಎಷ್ಟು ಸಣ್ಣ ಬೆಂಕಿ ಎಂಬ ವಿವರದೊಂದಿಗೆ ದಾಖಲಿಸಿ, ಇಲಾಖೆಯ ಯೋಜನೆಯೊಂದಿಗೆ ಹೊಂದಿಸುವ ಮಾತುಕತೆಯಲ್ಲಿ ಮುಂದಿಡಿ. ಉಪ್ಪಿಲು ಕೀಳುವುದು, ಜೇನು ಇಳಿಸುವಾಗ ಮರಿ ಇರುವ ಎರಿ ಬಿಡುವುದು, ಗುರುತು ಹಾಕಿದ ಹತ್ತು ನೆಲ್ಲಿಮರಗಳ ಕೆಳಗೆ ವರ್ಷವರ್ಷ ಸಸಿ ಎಣಿಸುವುದು, ಇವಕ್ಕೆ ಯಾರನ್ನೂ ಕೇಳಿ ಕಾಯಬೇಕಿಲ್ಲ.

ಕಿರು ಅರಣ್ಯ ಉತ್ಪನ್ನದ ಸಾಗಣೆ ಪಾಸನ್ನು ಕೊಡುವ ಅಧಿಕಾರವೂ ಈ ಸಮಿತಿಗೇ ಇದೆ. ಮೂರು ಪ್ರತಿಯ, ಸಂಖ್ಯೆ ಹಾಕಿದ ಪುಸ್ತಕ ಅಚ್ಚು ಹಾಕಿಸಿ: ಒಂದು ಗಾಡಿಗೆ, ಒಂದು ಇಲಾಖೆಗೆ, ಒಂದು ಪುಸ್ತಕದಲ್ಲೇ. ಪದಾರ್ಥ, ತೂಕ, ಹೊರಡುವ ಜಾಗ, ಮುಟ್ಟುವ ಜಾಗ, ಗಾಡಿ ಸಂಖ್ಯೆ, ದಿನಾಂಕ ಇರಲಿ. ಸುಗ್ಗಿ ಶುರುವಾಗುವ ಮೊದಲೇ ಮಾದರಿ ಸಹಿ ಮತ್ತು ಮುದ್ರೆಯನ್ನು ಉಪ ಅರಣ್ಯ ಸಂರಕ್ಷಣಾಧಿಕಾರಿಯ (ಡಿಸಿಎಫ್) ಕಚೇರಿಗೂ ಚೆಕ್‌ಪೋಸ್ಟಿಗೂ ಕಳಿಸಿ. ಇಲ್ಲವಾದರೆ ಗೇಟಿನಲ್ಲಿ ಗಾಡಿ ನಿಲ್ಲಿಸಿದಾಗ ನೆಲ್ಲಿಕಾಯಿ ಅಲ್ಲೇ ಬಿಸಿಲಿಗೆ ಬಾಡುತ್ತದೆ. ಬಿದಿರು, ಜೇನು, ಮೇಣ, ಬೇರು, ಗೆಡ್ಡೆ ಇದರಲ್ಲಿ ಬರುತ್ತವೆ. ನಾಟ ಬರುವುದಿಲ್ಲ.

ಹಣಕ್ಕೆ ಬ್ಯಾಂಕ್ ಖಾತೆ ಸಮಿತಿಯ ಹೆಸರಿನಲ್ಲಿರಲಿ, ಮೂವರಲ್ಲಿ ಇಬ್ಬರ ಸಹಿ ಬೇಕು, ಮೂವರಲ್ಲಿ ಒಬ್ಬರಾದರೂ ಹೆಂಗಸು. ನೆರವಿಗೆ ಬಂದ ಸಂಸ್ಥೆಯವರು ಸಹಿದಾರರಾಗಬಾರದು. ಆದಾಯ ಹೇಗೆ ಖರ್ಚಾಗಬೇಕೆಂಬುದಕ್ಕೆ ಗ್ರಾಮಸಭೆಯ ಒಪ್ಪಿಗೆ ಕಡ್ಡಾಯ. ಪ್ರತಿ ಸಭೆಯ ಮೊದಲ ವಿಷಯ ಲೆಕ್ಕ ಓದುವುದೇ ಆಗಲಿ. ಕೊನೆಗಿಟ್ಟರೆ ಜನ ಎದ್ದು ಹೋಗಿರುತ್ತಾರೆ.

ಅಭಿಪ್ರಾಯ ಕೇಳಿ ಪತ್ರ ಬಂದರೆ

ಇಲಾಖೆಯ ಕರಡು ಯೋಜನೆ, ರಸ್ತೆ, ಪುನರ್ವಸತಿ, ಹೀಗೆ ಏನಾದರೊಂದು ಬರುತ್ತದೆ. ಮೂವತ್ತು ಪುಟದ ಕಡತವನ್ನು ಒಂದು ಪುಟಕ್ಕಿಳಿಸುವುದು ನಿಮ್ಮ ಕೆಲಸ. ಯಾವ ಜಾಗ, ಏನು ಬದಲಾಗುತ್ತದೆ, ಯಾರಿಗೆ ತಟ್ಟುತ್ತದೆ, ಉತ್ತರ ಯಾವಾಗ ಕೊಡಬೇಕು, ಒಪ್ಪದಿದ್ದರೆ ಮುಂದೇನು. ನಿಮ್ಮ ಅಭಿಪ್ರಾಯ ಆ ಪುಟದಲ್ಲಿ ಬೇಡ. ಅದನ್ನು ಮೊದಲು ಕೇರಿ ಕೇರಿಯಲ್ಲಿ, ಹೆಂಗಸರೊಂದಿಗೆ ಬೇರೆಯಾಗಿ ಓದಿ ಹೇಳಿ, ಆಮೇಲೆ ಸಭೆ ಕರೆಯಿರಿ. ಅಧಿಕಾರಿಗಳು ಬಂದು ವಿವರಿಸಿದ ದಿನವೇ ನಿರ್ಣಯ ಬೇಡ. ಅವರ ಎದುರಿಗೆ ಜನ ಬಾಯಿ ಬಿಡುವುದು ಕಡಿಮೆ.

ಒಂದು ಹೆಕ್ಟೇರಿಗಿಂತ ಕಡಿಮೆ ಜಾಗದಲ್ಲಿ, ಹೆಕ್ಟೇರಿಗೆ 75 ಮರ ಮೀರದಂತೆ ಶಾಲೆ, ಅಂಗನವಾಡಿ, ಕುಡಿಯುವ ನೀರು, ವಿದ್ಯುತ್, ರಸ್ತೆಯಂಥ 13 ಸೌಕರ್ಯಗಳಿಗೆ ಸೆಕ್ಷನ್ 3(2)ರಡಿ ಗ್ರಾಮಸಭೆಯೇ ಶಿಫಾರಸು ಮಾಡಬಹುದು. ‘ಕಾಡಾದ್ದರಿಂದ ಕರೆಂಟ್ ಬರುವುದಿಲ್ಲ’ ಎಂದು ವರ್ಷಗಟ್ಟಲೆ ಕೇಳಿಸಿಕೊಂಡ ಪೋಡುಗಳು ಮೊದಲು ಬಳಸಬೇಕಾದ ಕಲಂ ಇದು.

ಪುನರ್ವಸತಿಯ ವಿಷಯ ಬೇರೆಯೇ. ಒಂದೊಂದು ಮನೆಯಿಂದ ಪಡೆದ ಸಹಿಯನ್ನು ಗ್ರಾಮಸಭೆಯ ಒಪ್ಪಿಗೆಯೆಂದು ತೋರಿಸಲು ಬರುವುದಿಲ್ಲ. ಸೆಕ್ಷನ್ 4(2) ಬೇಡುವುದು ತಿಳಿದು, ಒತ್ತಡವಿಲ್ಲದೆ, ಬರಹದಲ್ಲಿ ಕೊಟ್ಟ ಗ್ರಾಮಸಭೆಯ ಒಪ್ಪಿಗೆಯನ್ನು. ಹಕ್ಕು ಮಾನ್ಯತೆಯ ಪ್ರಕ್ರಿಯೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ, ಅದು 4(5). ಬೇಡವೆನ್ನುವುದಾದರೆ ಕಾರಣ ಬರೆಯಿರಿ. ಒಡಿಶಾದ ನಿಯಮಗಿರಿಯಲ್ಲಿ ಸುಪ್ರೀಂ ಕೋರ್ಟಿನ 2013ರ ತೀರ್ಪಿನಂತೆ 12 ಗ್ರಾಮಸಭೆಗಳು ಕೂತು ಬಾಕ್ಸೈಟ್ ಗಣಿಯನ್ನು ತಿರಸ್ಕರಿಸಿದವು. ಡೊಂಗ್ರಿಯಾ ಕೊಂಧರು ಅಲ್ಲಿ ಹೇಳಿದ್ದು ತಮ್ಮ ಬೆಟ್ಟದ ದೇವರ ಬಗ್ಗೆ, ತೊರೆಗಳ ಬಗ್ಗೆ, ತಾವು ಬೆಳೆಯುವುದರ ಬಗ್ಗೆ. ಎಲ್ಲೆ, ಅಬ್ಬಿ, ಕಲ್ಲುಗುಡಿಗಳ ನಕ್ಷೆಯನ್ನು ನಿರ್ಣಯಕ್ಕೆ ಲಗತ್ತಿಸಬೇಕಾದದ್ದು ಇದಕ್ಕೇ.

ಕಡತ ಯಾರ ಮನೆಯಲ್ಲಿ?

ಕಾರ್ಯದರ್ಶಿ ಬದಲಾದಾಗ ಅರ್ಧ ದಾಖಲೆ ಮಾಯವಾಗುವುದು ಮಾಮೂಲು. ಒಂದು ತಗಡಿನ ಟ್ರಂಕು ಕೊಳ್ಳಿ. ಅದರಲ್ಲಿ ಹಕ್ಕುಪತ್ರದ ಮೂಲ, ನಡವಳಿ, ವಯಸ್ಕರ ವಹಿ, ಆವಕ-ಜಾವಕ, ಪಾಸಿನ ಪುಸ್ತಕ, ಬ್ಯಾಂಕ್ ಪಾಸ್‌ಬುಕ್ ಇರಲಿ. ಎಲ್ಲದರ ಫೋಟೋ ತೆಗೆದು ಇಬ್ಬರ ಮೊಬೈಲಿನಲ್ಲಿಟ್ಟು, ಪಕ್ಕದ ಪೋಡಿನ ಸಮಿತಿಗೂ ಒಂದು ಪೆನ್‌ಡ್ರೈವ್ ಕೊಡಿ. ಮಲೆಯ ತೇವಕ್ಕೆ ಕಾಗದ ಬೂಷ್ಟು ಹಿಡಿಯುತ್ತದೆ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕಟ್ಟಿ, ಮಳೆಗಾಲ ಕಳೆದ ಮೇಲೆ ಒಂದು ದಿನ ನೆರಳಿನಲ್ಲಿ ಹರಡಿ. ಬೀಗಕ್ಕೆ ಎರಡು ಕೀಲಿ: ಒಂದು ಅಧ್ಯಕ್ಷರ ಹತ್ತಿರ, ಇನ್ನೊಂದು ಸಮಿತಿಯ ಒಬ್ಬ ಹೆಣ್ಣುಮಗಳ ಹತ್ತಿರ. ಕಾರ್ಯದರ್ಶಿಯ ಹತ್ತಿರ ಕೀಲಿ ಬೇಡ.